ಓದುಗರ ಪ್ರಶ್ನೆಗೆ ಉತ್ತರ: ಜೋಸೆಫ್ ಕಾನ್ರಾಡ್‌ನ ಕಡಲು

ಈ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಹಲವು ಒಬ್ಬನೇ ಲೇಖಕನನ್ನು ಕುರಿತವಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅವನಿಗೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇವೆ, ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಜೋಸೆಫ್ ಕಾನ್ರಾಡ್‌ನನ್ನು ಕಡಲಿನ ಕಾದಂಬರಿಕಾರ ಎನ್ನುತ್ತಾರೆ. ಅವನು ನಿಜಕ್ಕೂ ಹಡಗಿನಲ್ಲಿ ದುಡಿದವನೋ, ಪ್ರಯಾಣಿಕನಾಗಿ ಓಡಾಡಿ ಬರೆದವನೋ? ಕಡಲಿನಿಂದ ದೂರದ ಊರಿನಲ್ಲಿ ಹುಟ್ಟಿದವನಿಗೆ ಆ ಸೆಳೆತ ಹತ್ತಿದ್ದು ಹೇಗೆ?

ಉತ್ತರ: ದುಡಿದವನು, ಅದೂ ತಳದಿಂದ. 1874ರಲ್ಲಿ, ಹದಿನೇಳು ತುಂಬುವ ಮೊದಲೇ, ಫ್ರಾನ್ಸಿನ ಮಾರ್ಸೇ ಬಂದರಿಗೆ ಬಂದಿಳಿದ ಹುಡುಗ 1894ರ ಜನವರಿಯಲ್ಲಿ ಕೊನೆಯ ಹಡಗನ್ನು ಬಿಡುವವರೆಗೆ ಸುಮಾರು ಇಪ್ಪತ್ತು ವರ್ಷ ಕಡಲನ್ನೇ ನೆಚ್ಚಿ ಬದುಕಿದ. ಖಲಾಸಿಯಾಗಿ ಹಗ್ಗ ಎಳೆದ, ಮೇಟ್ (ಕಪ್ತಾನನ ಕೈಕೆಳಗಿನ ಅಧಿಕಾರಿ) ಆಗಿ ಪಾಳಿ ಕಾದ, ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿದ. 1880ರಲ್ಲಿ ಎರಡನೆಯ ಮೇಟ್‌ನ, 1884ರಲ್ಲಿ ಮೊದಲನೆಯ ಮೇಟ್‌ನ, 1886ರಲ್ಲಿ ಕಪ್ತಾನನ ಅರ್ಹತಾಪತ್ರ ಅವನ ಕೈಸೇರಿತು. ಬ್ರಿಟಿಷ್ ಪೌರತ್ವ ದೊರೆತದ್ದೂ ಆ 1886ರಲ್ಲೇ.

ಹುಟ್ಟಿದ್ದು 1857ರ ಡಿಸೆಂಬರ್ 3ರಂದು, ಈಗ ಉಕ್ರೇನಿನಲ್ಲಿರುವ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಬೆರ್ದಿಚಿವ್‌ನಲ್ಲಿ. ಮನೆಯಲ್ಲಿಟ್ಟ ಹೆಸರು ಯೂಝೆಫ್ ತೆಯೊಡೋರ್ ಕೊನ್ರಾಡ್ ಕೊಝೆನ್ಯೋವ್‌ಸ್ಕಿ. ತಂದೆ ಅಪೊಲೊ ಪೋಲಿಷ್ ಕವಿ, ಅನುವಾದಕ. ಪೋಲೆಂಡಿನ ಸ್ವಾತಂತ್ರ್ಯಕ್ಕಾಗಿ ಗುಟ್ಟಾಗಿ ಕೆಲಸ ಮಾಡಿದ್ದಕ್ಕೆ ರಷ್ಯಾ ಸರ್ಕಾರ ಅವನನ್ನು ಬಂಧಿಸಿ, ಹೆಂಡತಿ ಮಗುವಿನ ಸಮೇತ ಉತ್ತರದ ವೊಲೊಗ್ದಾಕ್ಕೆ ಗಡೀಪಾರು ಮಾಡಿತು. ತಾಯಿ 1865ರಲ್ಲಿ ಕ್ಷಯದಿಂದ ತೀರಿಕೊಂಡಳು, ತಂದೆ 1869ರಲ್ಲಿ ಕ್ರಾಕೋವ್‌ನಲ್ಲಿ. ಹನ್ನೊಂದನೆಯ ವಯಸ್ಸಿಗೆ ತಬ್ಬಲಿಯಾದ ಹುಡುಗನನ್ನು ಸಾಕಿದವನು ಸೋದರಮಾವ ತಾದೇವುಶ್ ಬೊಬ್ರೋವ್‌ಸ್ಕಿ.

ಕಡಲಿನ ಸೆಳೆತ ಪುಸ್ತಕದಿಂದ ಬಂದದ್ದು. ವಿಕ್ತೊರ್ ಹ್ಯೂಗೊನ ಕಡಲ ದುಡಿಮೆಗಾರರ ಕಾದಂಬರಿಯನ್ನು ತಂದೆ ಪೋಲಿಷ್ ಭಾಷೆಗೆ ಅನುವಾದಿಸಿದ್ದ. ಅದರ ಕರಡಚ್ಚಿನ ಹಾಳೆಗಳನ್ನು ಹುಡುಗ ತಂದೆಯ ಹಾಸಿಗೆಯ ಪಕ್ಕದಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದ. ಸಾಹಿತ್ಯದಲ್ಲಿ ಕಡಲನ್ನು ತಾನು ಮೊದಲು ಕಂಡದ್ದು ಅಲ್ಲಿ ಎಂದು ಮುಂದೆ ಅವನೇ ಬರೆದುಕೊಂಡಿದ್ದಾನೆ. ರಷ್ಯಾದ ಪ್ರಜೆಯಾಗಿ ಉಳಿದರೆ ದೀರ್ಘಕಾಲದ ಸೈನಿಕ ಸೇವೆಗೆ ಸಿಕ್ಕಿಬೀಳುವ ಭಯವೂ ಜೊತೆಗಿತ್ತು. ಮಾರ್ಸೇಯಲ್ಲಿ ಕಳೆದ ನಾಲ್ಕು ವರ್ಷ ಸುಖದವಲ್ಲ. ಸಾಲ ಏರಿತು, 1878ರಲ್ಲಿ ಎದೆಗೆ ಗುಂಡು ಹಾರಿಸಿಕೊಂಡು ಬದುಕುಳಿದ, ಆ ವರ್ಷವೇ ಜೂನ್ ತಿಂಗಳಲ್ಲಿ ಬ್ರಿಟಿಷ್ ಉಗಿಹಡಗೊಂದರಿಂದ ಇಂಗ್ಲೆಂಡಿನ ಲೋಸ್ಟಾಫ್ಟ್ ಬಂದರಿನಲ್ಲಿ ಇಳಿದ.

ಆಮೇಲಿನ ಕಸುಬಿನ ದಾರಿ ಆಸ್ಟ್ರೇಲಿಯಾ, ಸಿಂಗಪುರ, ಬೋರ್ನಿಯೊ, ಮಾರಿಷಸ್ ಎಂದು ಹಬ್ಬಿದೆ. 1884ರಲ್ಲಿ ‘ರಿವರ್ಸ್‌ಡೇಲ್’ ಎಂಬ ಹಡಗಿನಲ್ಲಿ ಮದ್ರಾಸಿಗೆ ಬಂದಾಗ ಕಪ್ತಾನನೊಡನೆ ಮನಸ್ತಾಪವಾಗಿ ಕೆಲಸ ಹೋಯಿತು. ರೈಲು ಹತ್ತಿ ಬೊಂಬಾಯಿಗೆ ಹೋದ, ಅಲ್ಲಿ ‘ನಾರ್ಸಿಸಸ್’ ಎಂಬ ಹಾಯಿಹಡಗಿಗೆ ಎರಡನೆಯ ಮೇಟ್ ಆಗಿ ಸೇರಿ ಫ್ರಾನ್ಸಿನ ಡಂಕರ್ಕ್‌ವರೆಗೆ ಹೋದ. ಆ ಯಾನದಲ್ಲಿ ಒಬ್ಬ ಖಲಾಸಿ ಕಾಯಿಲೆಯಿಂದ ಸತ್ತ. ಶೀರ್ಷಿಕೆಯಲ್ಲೇ ಜನಾಂಗೀಯ ಬೈಗುಳವೊಂದನ್ನು ಹೊತ್ತಿರುವ 1897ರ ನಾರ್ಸಿಸಸ್ ಕಾದಂಬರಿಯ ಬೀಜ ಅಲ್ಲಿದೆ.

ಪ್ರಶ್ನೆ: ಇಂಗ್ಲಿಷ್ ಅವನಿಗೆ ಮೂರನೆಯ ಭಾಷೆ ಎಂದು ಕೇಳಿ ಬೆರಗಾಯಿತು. ಹಡಗಿನಲ್ಲಿ ದುಡಿಯುತ್ತಲೇ ಬರೆಯಲು ಹೇಗೆ ಸಾಧ್ಯವಾಯಿತು?

ಉತ್ತರ: ಪೋಲಿಷ್ ಮನೆಮಾತು, ಫ್ರೆಂಚ್ ಬಾಲ್ಯದಲ್ಲೇ ಕಲಿತದ್ದು, ಇಂಗ್ಲಿಷ್ ಇಪ್ಪತ್ತರ ಆಸುಪಾಸಿನಲ್ಲಿ ಕಿವಿಗೆ ಬಿದ್ದದ್ದು. ಕಲ್ಲಿದ್ದಲು ಸಾಗಿಸುವ ಕರಾವಳಿಯ ಪುಟ್ಟ ಹಡಗಿನಲ್ಲಿ, ಒರಟು ನಾವಿಕರ ನಡುವೆ, ಆಜ್ಞೆ ಪಾಲಿಸುತ್ತ ಕಲಿತ ಭಾಷೆ ಅದು. ಮಾತಿನಲ್ಲಿ ವಿದೇಶೀ ಉಚ್ಚಾರ ಕೊನೆಯವರೆಗೂ ಉಳಿದಿತ್ತು.

ಮೊದಲ ಕಾದಂಬರಿ ‘ಆಲ್ಮೇಯರ್ಸ್ ಫಾಲಿ’ಯನ್ನು 1889ರ ಶರತ್ಕಾಲದಲ್ಲಿ, ಕೆಲಸವಿಲ್ಲದೆ ಲಂಡನ್ನಿನ ಬಾಡಿಗೆ ಕೋಣೆಯಲ್ಲಿದ್ದಾಗ ಶುರುಮಾಡಿದ. ‘ವಿದಾರ್’ ಎಂಬ ಉಗಿಹಡಗಿನಲ್ಲಿ ಸಿಂಗಪುರದಿಂದ ಬೋರ್ನಿಯೊದ ನದೀಬಂದರುಗಳಿಗೆ ಓಡಾಡುತ್ತಿದ್ದಾಗ ಕಂಡ ಓಲ್ಮೇಯರ್ ಎಂಬ ವ್ಯಾಪಾರಿಯೇ ಅದರ ನಾಯಕನಿಗೆ ಮೂಲ. ಹಸ್ತಪ್ರತಿ ಅವನೊಡನೆ ಕಾಂಗೊ ನದಿಗೂ ಹೋಯಿತು, ಆಸ್ಟ್ರೇಲಿಯಾಕ್ಕೂ ಹೋಯಿತು. ‘ಟೊರೆನ್ಸ್’ ಎಂಬ ಪ್ರಯಾಣಿಕ ಹಾಯಿಹಡಗಿನಲ್ಲಿ ಮೊದಲನೆಯ ಮೇಟ್ ಆಗಿದ್ದಾಗ, ಆರೋಗ್ಯ ಕೆಟ್ಟು ಕಡಲ ಹವೆಗಾಗಿ ಬಂದಿದ್ದ ಕೇಂಬ್ರಿಜ್‌ನ ತರುಣ ಪ್ರಯಾಣಿಕನೊಬ್ಬನಿಗೆ ಅದನ್ನು ಓದಲು ಕೊಟ್ಟ. ಮಾರನೆಯ ದಿನ ಸಂಜೆಯ ಪಾಳಿಯ ಹೊತ್ತಿಗೆ ಆತ, ಕೊರಳಿಗೆ ದಪ್ಪ ಉಣ್ಣೆಯ ವಸ್ತ್ರ ಸುತ್ತಿಕೊಂಡು, ಹಸ್ತಪ್ರತಿ ಹಿಡಿದು ಕೋಣೆಗೆ ಬಂದ. ಇದನ್ನು ಮುಗಿಸುವುದು ಸಾರ್ಥಕವೇ ಎಂದು ಕಾನ್ರಾಡ್ ಕೇಳಿದ. ಖಂಡಿತ ಎಂಬರ್ಥದ ಒಂದೇ ಒಂದು ಪದದಲ್ಲಿ ಉತ್ತರ ಬಂತು. ಅಷ್ಟು ಹೊತ್ತೂ ಕಾನ್ರಾಡ್‌ನ ಒಂದು ಕಿವಿ ಮೇಲಿನ ಡೆಕ್ಕಿನ ಕಡೆಗಿತ್ತು. ಗಾಳಿ ಬಲಿಯುತ್ತಿತ್ತು, ಹಾಯಿ ತಗ್ಗಿಸಲು ಯಾವ ಕ್ಷಣದಲ್ಲಾದರೂ ಕರೆ ಬರಬಹುದಿತ್ತು. ತನ್ನ ಮೊದಲ ಓದುಗನ ತೀರ್ಪನ್ನು ಕೇಳುವ ಗಳಿಗೆಯಲ್ಲೂ ಪಾಳಿಯ ಜವಾಬ್ದಾರಿಯನ್ನು ಮರೆಯದ ಈ ಮನುಷ್ಯನನ್ನು ಗುರುತಿಟ್ಟುಕೊಂಡರೆ ಅವನ ಕಥೆಗಳ ಬಾಗಿಲು ಅರ್ಧ ತೆರೆದಂತೆಯೇ ಎಂದು ನಮಗೆ ಅನ್ನಿಸುತ್ತದೆ.

ಪುಸ್ತಕ 1895ರಲ್ಲಿ ಪ್ರಕಟವಾಯಿತು. ಇದೇ ಟೊರೆನ್ಸ್ ಹಡಗಿನಲ್ಲಿ 1893ರಲ್ಲಿ ಪ್ರಯಾಣಿಕನಾಗಿದ್ದ ಜಾನ್ ಗಾಲ್ಸ್‌ವರ್ದಿ, ಮುಂದೆ ತಾನೂ ಹೆಸರಾಂತ ಕಾದಂಬರಿಕಾರನಾಗಿ, ಅವನ ಜೀವದ ಗೆಳೆಯನಾದ.

ಪ್ರಶ್ನೆ: ‘ಲಾರ್ಡ್ ಜಿಮ್’ ನಿಜವಾಗಿ ನಡೆದ ಘಟನೆಯೇ? ಅಷ್ಟು ಜನರನ್ನು ಬಿಟ್ಟು ಅಧಿಕಾರಿಗಳು ಓಡಿಹೋಗುವುದುಂಟೇ?

ಉತ್ತರ: ಉಂಟು. 1880ರ ಬೇಸಿಗೆಯಲ್ಲಿ ‘ಜಿದ್ದಾ’ ಎಂಬ ಉಗಿಹಡಗು ಒಂಬೈನೂರಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೊತ್ತು ಸಿಂಗಪುರದಿಂದ ಅರಬ್ಬೀ ತೀರದ ಕಡೆಗೆ ಹೊರಟಿತು. ಬಿರುಗಾಳಿಯಲ್ಲಿ ಬಾಯ್ಲರುಗಳು ಸಡಿಲಗೊಂಡವು, ಹಡಗಿನ ಒಡಲಿಗೆ ನೀರು ನುಗ್ಗಿತು. ಆಗಸ್ಟ್ ತಿಂಗಳ ಒಂದು ರಾತ್ರಿ ಕಪ್ತಾನ ಮತ್ತು ಯುರೋಪಿಯನ್ ಅಧಿಕಾರಿಗಳು ದೋಣಿಯೊಂದನ್ನು ಇಳಿಸಿ ಯಾತ್ರಿಕರನ್ನು ಅಲ್ಲೇ ಬಿಟ್ಟು ಹೋದರು. ದಾರಿಯಲ್ಲಿ ಸಿಕ್ಕ ಹಡಗೊಂದು ಅವರನ್ನು ಏಡನ್ ಬಂದರಿಗೆ ಮುಟ್ಟಿಸಿತು. ಜಿದ್ದಾ ಮುಳುಗಿತೆಂದು ಅವರು ಅಲ್ಲಿ ಹೇಳಿಕೆ ಕೊಟ್ಟರು. ಮರುದಿನವೇ ಇನ್ನೊಂದು ಹಡಗು ಜಿದ್ದಾವನ್ನು ಎಳೆದುಕೊಂಡು ಅದೇ ಏಡನ್ ಬಂದರನ್ನು ಪ್ರವೇಶಿಸಿತು, ಯಾತ್ರಿಕರ ಸಮೇತ. ಏಡನ್‌ನಲ್ಲಿ ವಿಚಾರಣೆ ನಡೆಯಿತು. ಮೊದಲನೆಯ ಮೇಟ್ ಆಗಿದ್ದ ಆಗಸ್ಟೀನ್ ಪಾಡ್‌ಮೋರ್ ವಿಲಿಯಮ್ಸ್, ಒಬ್ಬ ಪಾದ್ರಿಯ ಮಗ, ಆಮೇಲೆ ಸಿಂಗಪುರದಲ್ಲಿ ಹಡಗುಗಳಿಗೆ ಸರಕು ಒದಗಿಸುವ ಅಂಗಡಿಯಲ್ಲಿ ಗುಮಾಸ್ತನಾಗಿ ಬದುಕಿದ. ಪೂರ್ವದ ಬಂದರುಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಈ ಕಥೆ ಕಾನ್ರಾಡ್‌ನ ಕಿವಿಗೂ ಬಿದ್ದಿತ್ತು.

1900ರಲ್ಲಿ ಬಂದ ಕಾದಂಬರಿಯಲ್ಲಿ ಹಡಗಿನ ಹೆಸರು ‘ಪಟ್ನಾ’, ಯಾತ್ರಿಕರು ಎಂಟುನೂರು. ಬಿರುಗಾಳಿ ಇಲ್ಲ, ಕನ್ನಡಿಯಂಥ ಕಡಲು, ನಿದ್ದೆಹೋದ ಜನ, ನೀರಿನಡಿಯ ಯಾವುದಕ್ಕೋ ತಗಲಿ ಒಂದು ಸಣ್ಣ ನಡುಕ. ಬಿರುಗಾಳಿಯನ್ನು ತೆಗೆದುಹಾಕಿದ್ದರಲ್ಲೇ ಕಾನ್ರಾಡ್‌ನ ಜಾಣ್ಮೆ ಇದೆ: ಗಾಳಿಯ ಮೇಲೆ ತಪ್ಪು ಹೊರಿಸುವ ದಾರಿ ಹಡಗಿನ ಮೇಟ್ ಜಿಮ್‌ಗೆ ಮುಚ್ಚಿಹೋಯಿತು. ಜಿಮ್ ದೀಪ ಹಿಡಿದು ಹಡಗಿನ ಒಡಲಿಗಿಳಿದು, ನೀರನ್ನು ತಡೆದು ನಿಂತಿರುವ ಕಬ್ಬಿಣದ ಗೋಡೆಯನ್ನು ನೋಡುತ್ತಾನೆ. ಅವನ ಕಣ್ಣೆದುರೇ ಅಂಗೈಯಗಲದ ತುಕ್ಕಿನ ಹಕ್ಕಳೆ ತಾನಾಗಿ ಉದುರಿಬೀಳುತ್ತದೆ. ಇಷ್ಟು ಸಾಕು. ಎಂಟುನೂರು ಜನರಿಗೆ ದೋಣಿಗಳು ಸಾಲವು, ಎಬ್ಬಿಸಿದರೆ ನೂಕುನುಗ್ಗಲು, ಎಬ್ಬಿಸದಿದ್ದರೆ ನಿದ್ದೆಯಲ್ಲೇ ಸಾವು ಎಂಬ ಲೆಕ್ಕವೆಲ್ಲ ಆ ತುಕ್ಕಿನ ಚೂರಿನಿಂದ ಹೊರಡುತ್ತದೆ. ಮುಂದೆ ಮಾರ್ಲೊ ಎಂಬ ಹಿರಿಯ ನಾವಿಕನೆದುರು ಆ ರಾತ್ರಿಯನ್ನು ಹೇಳುವಾಗ, ತಾನು ಯಾತ್ರಿಕರನ್ನು ಬಿಟ್ಟು ದೋಣಿಗೆ ಹಾರಿದ್ದನ್ನು ಒಪ್ಪಿಕೊಂಡ ಜಿಮ್ ಮುಖ ತಿರುಗಿಸಿ, ಹಾಗೆ ಕಾಣುತ್ತದೆ ಎಂದು ಸೇರಿಸುತ್ತಾನೆ. ತನ್ನ ಕಾಲು ಮಾಡಿದ ಕೆಲಸವನ್ನು ತನ್ನದೆಂದು ಒಪ್ಪಲು ಆಗದ ಮನುಷ್ಯನ ಇಡೀ ಜೀವನ ಆ ಮಾತಿನಲ್ಲಿ ಅಡಗಿದೆ. ಪಟುಸಾನ್ ಎಂಬ ದೂರದ ನೆಲೆಯಲ್ಲಿ ಜಿಮ್ ನಾಯಕನಾಗುವ ಕಾದಂಬರಿಯ ಉತ್ತರಾರ್ಧ ಸಾಹಸಕಥೆಯ ಕಡೆಗೆ ವಾಲುತ್ತದೆ ಎಂಬ ದೂರು ಹಳೆಯದು. ಅದರಲ್ಲಿ ಸತ್ಯವಿದೆ ಎಂದೇ ನಮ್ಮ ಅಭಿಪ್ರಾಯ. ಆದರೂ ವಿಚಾರಣೆಯ ಭಾಗಕ್ಕಾಗಿ ಈ ಪುಸ್ತಕವನ್ನು ಎಷ್ಟು ಸಲ ಬೇಕಾದರೂ ಓದಬಹುದು.

ಪ್ರಶ್ನೆ: ಕಾನ್ರಾಡ್‌ನ ಒಂದು ಪುಸ್ತಕ ಹಿಡಿದು ಮೂವತ್ತು ಪುಟಕ್ಕೇ ಸೋತು ಇಟ್ಟುಬಿಟ್ಟೆ. ಎಲ್ಲಿಂದ ಶುರುಮಾಡಬೇಕು?

ಉತ್ತರ: ‘ಯೂತ್’ ಎಂಬ ನೀಳ್ಗತೆಯಿಂದ ಶುರುಮಾಡಿರಿ. 1898ರಲ್ಲಿ ಪ್ರಕಟವಾದ ಅದನ್ನು ಒಂದೇ ಕೂರಿಕೆಯಲ್ಲಿ ಮುಗಿಸಬಹುದು. ಕಾನ್ರಾಡ್ 1881ರಲ್ಲಿ ‘ಪ್ಯಾಲೆಸ್ಟೈನ್’ ಎಂಬ ಮುದಿ ಹಾಯಿಹಡಗಿಗೆ ಎರಡನೆಯ ಮೇಟ್ ಆಗಿ ಸೇರಿದ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಕಲ್ಲಿದ್ದಲು ತುಂಬಿಕೊಂಡು ಬ್ಯಾಂಕಾಕಿಗೆ ಹೊರಟ ಹಡಗು ಸೋರಿ ಫಾಲ್ಮೌತ್ ಬಂದರಿಗೆ ಮರಳಿತು, ದುರಸ್ತಿಗಾಗಿ ತಿಂಗಳುಗಟ್ಟಲೆ ಅಲ್ಲಿ ನಿಂತಿತು, 1883ರ ಮಾರ್ಚಿನಲ್ಲಿ ಸುಮಾತ್ರಾದ ಬಳಿ ಹೊತ್ತಿಕೊಂಡಿತು. ಹಡಗಿನ ಒಡಲಿನಲ್ಲಿ ಒತ್ತಾಗಿ ತುಂಬಿದ ಕಲ್ಲಿದ್ದಲು, ಅದರಲ್ಲೂ ಪುಡಿಯಾದದ್ದು, ಗಾಳಿ ತಗುಲಿದಾಗ ಒಳಗೊಳಗೇ ಕಾಯುತ್ತದೆ. ಆ ಕಾವು ಹೊರಹೋಗಲು ದಾರಿಯಿಲ್ಲದಿದ್ದರೆ ಯಾರೂ ಕಿಡಿ ಹಚ್ಚದೆಯೇ ಬೆಂಕಿ ಹುಟ್ಟುತ್ತದೆ. ನಾವಿಕರು ದೋಣಿಗಳಲ್ಲಿ ಬಂಗ್ಕಾ ದ್ವೀಪದ ಮುಂಟೋಕ್ ಸೇರಿದರು.

ಕಥೆಯಲ್ಲಿ ಈ ಹಡಗು ‘ಜೂಡಿಯಾ’ ಆಗಿದೆ. ಸ್ಫೋಟವಾಗಿ ಡೆಕ್ಕು ಛಿದ್ರವಾದ ಮೇಲೂ, ಎಲ್ಲಿ ಕೂವೆಮರ ಮುರಿದು ತಲೆಯ ಮೇಲೆ ಬೀಳುವುದೋ ಎಂಬ ಸ್ಥಿತಿಯಲ್ಲೂ, ಖಲಾಸಿಗಳಿಗೆ ಹಾಯಿಗಳನ್ನು ಸುತ್ತಿ ಕಟ್ಟಲು ಆಜ್ಞೆಯಾಗುತ್ತದೆ. ಅವರು ಮೇಲೇರಿ, ಬಂದರಿನಲ್ಲಿ ನಿಂತ ಹಡಗಿನಲ್ಲಿ ಮಾಡುವಷ್ಟೇ ನೀಟಾಗಿ ಸುತ್ತುತ್ತಾರೆ; ಮುಂದಿನ ಹಾಯಿಯ ನಡುಭಾಗ ಸರಿಯಾಗಿ ಕೂರಲಿಲ್ಲವೆಂದು ಅದನ್ನು ಬಿಚ್ಚಿ ಮತ್ತೆ ಸುತ್ತುತ್ತಾರೆ. ಇನ್ನು ಕೆಲವೇ ಗಂಟೆಗಳಲ್ಲಿ ಬೂದಿಯಾಗಲಿರುವ ಹಾಯಿ ಅದು. ಹೊಗಳುವವರಿಲ್ಲ, ಸಂಬಳ ಹೆಚ್ಚುವುದಿಲ್ಲ. ಅವರಿಂದ ಇದನ್ನು ಮಾಡಿಸಿದ್ದು ಯಾವುದು ಎಂದು, ಈ ಕಥೆಯನ್ನೂ ಹೇಳುವ ಮಾರ್ಲೊ ಕೇಳಿಕೊಳ್ಳುತ್ತಾನೆ. ಕಾನ್ರಾಡ್‌ನ ಕಡಲಿನ ಬರಹವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಕಟ್ಟಿದ್ದು ಎಂದು ನಾವು ನಂಬಿದ್ದೇವೆ. ಅವನಿಗೆ ಕಡಲು ನೋಡಿ ನಲಿಯುವ ದೃಶ್ಯವಲ್ಲ, ಅದು ಕೆಲಸದ ಜಾಗ. ಕೆಲಸ ಮಾಡುವಾಗ ಮನುಷ್ಯ ಏನಾಗಿರುತ್ತಾನೆ ಎಂಬುದು ಅವನ ಕುತೂಹಲ. ಅಲೆಗಳ ವರ್ಣನೆಗಾಗಿ ಓದಲು ಹೊರಟವರು ಬೇಗ ಸೋಲುವುದಕ್ಕೆ ಕಾರಣವೂ ಬಹುಶಃ ಇದೇ.

ಎರಡನೆಯದಾಗಿ, 1902ರ ‘ಟೈಫೂನ್’. ಕಪ್ತಾನ ಮ್ಯಾಕ್‌ವರ್‌ಗೆ ಕಲ್ಪನಾಶಕ್ತಿ ಎಂಬುದೇ ಇಲ್ಲ. ಚಂಡಮಾರುತವನ್ನು ತಪ್ಪಿಸಿ ಸುತ್ತುಹಾಕಿ ಹೋಗುವ ವಿದ್ಯೆಯನ್ನು ಪುಸ್ತಕದಲ್ಲಿ ಓದಿ, ಕಾಣದ ಗಾಳಿಗೆ ಹೆದರಿ ದಾರಿ ಬದಲಿಸಿದೆನೆಂದು ಮಾಲೀಕರಿಗೆ ಹೇಗೆ ಹೇಳಲಿ ಎಂದು ನೇರವಾಗಿ ಅದರೊಳಗೇ ಹಡಗು ನಡೆಸುತ್ತಾನೆ. ಮಾರುತದ ಮೊದಲ ಹೊಡೆತ ಕಳೆದ ಮೇಲೆ ಅವನು ಕತ್ತಲೆಯ ನಕ್ಷೆಕೋಣೆಗೆ ಬಂದು, ಬೆಂಕಿಕಡ್ಡಿ ಗೀರಿ, ವಾಯುಭಾರಮಾಪಕದಲ್ಲಿ ತಾನೆಂದೂ ಕಂಡಿರದಷ್ಟು ಕೆಳಗಿಳಿದ ಗುರುತನ್ನು ನೋಡುತ್ತಾನೆ. ಕೋಣೆಯ ವಸ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿವೆ. ಆದರೂ ಬೆಂಕಿಪೊಟ್ಟಣವನ್ನು ಅದರ ಮೂಲೆಯಲ್ಲಿ, ಕೈಗೆ ಸಿಗುವಂತೆ, ಇದ್ದಲ್ಲೇ ಇಡುತ್ತಾನೆ; ಕೈ ಹಿಂತೆಗೆಯುವ ಮುನ್ನ, ಇದನ್ನು ಮತ್ತೆ ಬಳಸುವ ಸಂದರ್ಭ ಬರಲಾರದೇನೋ ಎಂಬ ಯೋಚನೆ ಅವನಿಗೆ ಮೊದಲ ಬಾರಿಗೆ ಹೊಳೆಯುತ್ತದೆ. ಆ ಮನುಷ್ಯನಿಗೆ ಸಾವಿನ ಅರಿವು ಬಂದದ್ದು ಒಂದು ಬೆಂಕಿಪೊಟ್ಟಣದ ಮೂಲಕ.

ಅದರ ನಂತರ 1917ರ ‘ದಿ ಶ್ಯಾಡೊ ಲೈನ್’. 1888ರ ಜನವರಿಯಲ್ಲಿ, ಮೂವತ್ತರ ವಯಸ್ಸಿನಲ್ಲಿ, ಹಿಂದಿನ ಕಪ್ತಾನ ಸತ್ತ ‘ಒಟಾಗೊ’ ಹಡಗನ್ನು ಬ್ಯಾಂಕಾಕಿನಲ್ಲಿ ಕಾನ್ರಾಡ್ ವಹಿಸಿಕೊಂಡ. ಕಡಲಿನ ಹಡಗೊಂದಕ್ಕೆ ಅವನು ಕಪ್ತಾನನಾದದ್ದು ಅದೊಂದೇ ಸಲ. ಗಾಳಿಯಿಲ್ಲದೆ, ಜ್ವರದಿಂದ ಮಲಗಿದ ನಾವಿಕರೊಡನೆ ಸಿಂಗಪುರ ತಲುಪಲು ಸುಮಾರು ಮೂರು ವಾರ ಹಿಡಿಯಿತು. ಕಾದಂಬರಿಯ ಯುವ ಕಪ್ತಾನ ಔಷಧಿಯ ಪೆಟ್ಟಿಗೆಯಲ್ಲಿ ಸಾಲಾಗಿರುವ, ಜ್ವರದ ಮದ್ದಾದ ಕ್ವಿನೈನ್ ಬಾಟಲಿಗಳನ್ನು ನಂಬಿ ಹೊರಡುತ್ತಾನೆ; ನಡುಗಡಲಿನಲ್ಲಿ ತೆರೆದು ನೋಡಿದರೆ ಒಳಗಿರುವುದು ಕ್ವಿನೈನ್ ಅಲ್ಲ. ಬಂದರು ಬಿಡುವ ಮುಂಚೆ ತಾನೇ ಏಕೆ ಪರೀಕ್ಷಿಸಲಿಲ್ಲ ಎಂಬ ಕೊರಗು ಅವನನ್ನು ಕೊರೆಯುವ ಪುಟಗಳನ್ನು, ಯಾವುದಾದರೂ ಜವಾಬ್ದಾರಿಯನ್ನು ಮೊದಲ ಸಲ ಹೊತ್ತವರೆಲ್ಲರೂ ಓದಬೇಕು.

ಪ್ರಶ್ನೆ: ‘ಹಾರ್ಟ್ ಆಫ್ ಡಾರ್ಕ್‌ನೆಸ್’ ವಸಾಹತುಶಾಹಿಯನ್ನು ಖಂಡಿಸುವ ಕೃತಿ ಎಂದು ಒಬ್ಬರು, ಜನಾಂಗದ್ವೇಷದ ಕೃತಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಅದರೊಳಗಿವೆ. ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಆಸ್ತಿಯಂತಿದ್ದ ಕಾಂಗೊಗೆ 1890ರಲ್ಲಿ ಕಾನ್ರಾಡ್ ವ್ಯಾಪಾರಿ ಸಂಸ್ಥೆಯೊಂದರ ನದೀಹಡಗಿನ ಕೆಲಸಕ್ಕೆ ಹೋದ. ‘ರುವಾ ದೆ ಬೆಲ್ಜ್’ ಎಂಬ ಪುಟ್ಟ ಉಗಿಹಡಗಿನಲ್ಲಿ ಸ್ಟ್ಯಾನ್ಲಿ ಜಲಪಾತದವರೆಗೆ ಹೋಗಿ, ಮಲೇರಿಯಾ ಮತ್ತು ರಕ್ತಭೇದಿಯಿಂದ ಬಸವಳಿದು, ಮೂರು ವರ್ಷದ ಒಪ್ಪಂದವನ್ನು ವರ್ಷದೊಳಗೇ ಮುರಿದು ಮರಳಿದ. ದಂತಕ್ಕಾಗಿ ನಡೆಯುತ್ತಿದ್ದ ಸುಲಿಗೆಯನ್ನು ಕಣ್ಣಾರೆ ಕಂಡವನ ಸಿಟ್ಟು 1899ರಲ್ಲಿ ಪತ್ರಿಕೆಯಲ್ಲಿ, 1902ರಲ್ಲಿ ಪುಸ್ತಕವಾಗಿ ಬಂದ ಆ ಕಥೆಯಲ್ಲಿದೆ. ಹಡಗಿನ ಕರಿಯ ಕೆಲಸಗಾರರಿಗೆ ವಾರಕ್ಕೆ ಕೂಲಿಯಾಗಿ ಒಂಬತ್ತು ಅಂಗುಲ ಉದ್ದದ ಮೂರು ತುಂಡು ಹಿತ್ತಾಳೆ ತಂತಿ ಕೊಡುವುದನ್ನು, ಅದರಿಂದ ಕೊಳ್ಳಲು ದಾರಿಯಲ್ಲಿ ಏನೂ ಸಿಗದೆ ಅವರು ಹಸಿದಿರುವುದನ್ನು ಅವನು ದಾಖಲಿಸುತ್ತಾನೆ. ಸತ್ತ ಚುಕ್ಕಾಣಿಗನನ್ನು ನೆನೆದು, ಇಲ್ಲೂ ಕಥೆ ಹೇಳುವ ಮಾರ್ಲೊ ಮರುಗುವುದು, ಆತ ತನಗಾಗಿ ಹಡಗು ನಡೆಸಿದ, ಕೆಲಸದಲ್ಲಿ ತನ್ನ ಜೊತೆಗಾರನಾಗಿದ್ದ ಎಂಬ ಕಾರಣಕ್ಕೆ.

ಆದರೆ ಅದೇ ಪುಸ್ತಕದಲ್ಲಿ, ಬಾಯ್ಲರ್ ನೋಡಿಕೊಳ್ಳುವ ಆಫ್ರಿಕಾದ ಕೆಲಸಗಾರನನ್ನು ಬಟ್ಟೆ ತೊಡಿಸಿ ಹಿಂಗಾಲಿನ ಮೇಲೆ ನಡೆಸಿದ ನಾಯಿಗೆ ಹೋಲಿಸಲಾಗಿದೆ. ನೈಜೀರಿಯಾದ ಕಾದಂಬರಿಕಾರ ಚಿನುವ ಅಚಿಬೆ 1975ರಲ್ಲಿ ಮಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸದಲ್ಲಿ ಇಂಥ ಸಾಲುಗಳನ್ನು ಎತ್ತಿ ತೋರಿಸಿ, ಒಬ್ಬ ಯುರೋಪಿಯನ್ನನ ಮನಸ್ಸು ಕುಸಿಯುವುದಕ್ಕೆ ಇಡೀ ಆಫ್ರಿಕಾವನ್ನು ಹಿನ್ನೆಲೆಯ ಪರದೆಯಾಗಿ ಬಳಸಿಕೊಳ್ಳಲಾಗಿದೆ ಎಂದು ಆಕ್ಷೇಪಿಸಿದ. ಆ ಆಕ್ಷೇಪಣೆಗೆ ಕಾಲಧರ್ಮದ ನೆಪ ಉತ್ತರವಾಗಲಾರದು. ಕಸುಬು ಬಲ್ಲ ಮನುಷ್ಯನನ್ನು ಎಲ್ಲೆಡೆ ಗೌರವಿಸುವ ಲೇಖಕ, ಬಾಯ್ಲರಿನ ನೀರಿನ ಮಟ್ಟವನ್ನು ಕಾಯುತ್ತ ಹಡಗನ್ನು ಉಳಿಸಿದವನ ವಿಷಯದಲ್ಲಿ ತನ್ನ ಅಳತೆಗೋಲನ್ನೇ ಮರೆತ ಎಂಬುದು ನಮಗೆ ನೋವಿನ ಸಂಗತಿ. ಅಚಿಬೆಯ ಉಪನ್ಯಾಸವನ್ನೂ ಜೊತೆಗಿಟ್ಟುಕೊಂಡು ಓದಿರಿ. ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದು ಈಗ ಸರಿಯಲ್ಲ.

ಪ್ರಶ್ನೆ: ಕಡಲನ್ನು ಅಷ್ಟು ಪ್ರೀತಿಸಿದವನು ಬಿಟ್ಟದ್ದೇಕೆ? ಬರವಣಿಗೆಯಿಂದ ಹಣ ಬಂತೇ?

ಉತ್ತರ: ಕಪ್ತಾನನ ಅರ್ಹತಾಪತ್ರವಿದ್ದವರಿಗೂ ಕೆಲಸ ಸಿಗುವುದು ಕಷ್ಟವಾಗಿತ್ತು, ಹಾಯಿಯ ಕಾಲ ಮುಗಿದು ಉಗಿಯ ಕಾಲ ಬಲಿತಿತ್ತು, ಕಾಂಗೊದಿಂದ ತಂದ ಅನಾರೋಗ್ಯ ಬೆನ್ನುಬಿಡಲಿಲ್ಲ. 1896ರಲ್ಲಿ ಜೆಸ್ಸಿ ಜಾರ್ಜ್‌ಳನ್ನು ಮದುವೆಯಾದ, ಇಬ್ಬರು ಗಂಡುಮಕ್ಕಳು. ಸಂಧಿವಾತದ ನೋವಿನಲ್ಲಿ, ಸಾಲದಲ್ಲಿ, ದಿನಕ್ಕೆ ಕೆಲವೇ ಸಾಲು ಬರೆಯುತ್ತ ‘ನೊಸ್ಟ್ರೊಮೊ’ (1904), ‘ದಿ ಸೀಕ್ರೆಟ್ ಏಜೆಂಟ್’ (1907) ಮುಂತಾದ, ಕಡಲಿಗಿಂತ ರಾಜಕೀಯವೇ ಮುಂದಾದ ದೊಡ್ಡ ಕಾದಂಬರಿಗಳನ್ನು ಕಟ್ಟಿದ. ಪುಸ್ತಕ ಚೆನ್ನಾಗಿ ಮಾರಾಟವಾದದ್ದು ‘ಚಾನ್ಸ್’ ಬಂದ ಮೇಲೆ, ಅಂದರೆ ಐವತ್ತೈದು ದಾಟಿದ ಮೇಲೆ. 1924ರಲ್ಲಿ ಬ್ರಿಟಿಷ್ ಸರ್ಕಾರ ಕೊಡಬಂದ ‘ಸರ್’ ಪದವಿಯನ್ನು ಬೇಡವೆಂದ. ಅದೇ ವರ್ಷ ಆಗಸ್ಟ್ 3ರಂದು ಕ್ಯಾಂಟರ್‌ಬರಿ ಸಮೀಪದ ಮನೆಯಲ್ಲಿ ತೀರಿಕೊಂಡ.

ಪ್ರಶ್ನೆ: ಟೈಟಾನಿಕ್ ದುರಂತದ ಬಗ್ಗೆ ಅವನು ಏನಾದರೂ ಬರೆದಿದ್ದನೇ?

ಉತ್ತರ: ಬರೆದಿದ್ದ, 1912ರಲ್ಲೇ, ಎರಡು ಲೇಖನ. ಹೋಟೆಲಿನಂತೆ ಅಲಂಕರಿಸಿದ ಭಾರೀ ಹಡಗಿಗೆ ಸಾಕಷ್ಟು ದೋಣಿಗಳಿಲ್ಲದಿರುವುದು, ದೋಣಿ ನಡೆಸಬಲ್ಲ ನುರಿತ ನಾವಿಕರ ಕೊರತೆ, ಗಾತ್ರವನ್ನೇ ಪ್ರಗತಿ ಎಂದು ನಂಬಿದ ಜನರ ಮೋಹ, ಇವುಗಳ ಮೇಲೆ ಹಳೆಯ ಮೇಟ್‌ನ ಕೋಪ ಅಲ್ಲಿ ಉರಿಯುತ್ತದೆ.

ಪ್ರಶ್ನೆ: ಹಡಗಿನ ಪರಿಭಾಷೆ ಅರ್ಥವಾಗದೆ ತೊಡಕಾಗುತ್ತದೆ. ಅವನ್ನು ಬಿಟ್ಟು ಮುಂದೆ ಓದಬಹುದೇ?

ಉತ್ತರ: ಮೊದಲ ಓದಿನಲ್ಲಿ ಬಿಡಬಹುದು, ಆದರೆ ಆ ಪದಗಳನ್ನು ಅವನು ಅಲಂಕಾರಕ್ಕಾಗಿ ಬಳಸಿದ್ದಲ್ಲ. ‘ದಿ ಮಿರರ್ ಆಫ್ ದ ಸೀ’ (1906) ಎಂಬ ನೆನಪಿನ ಪುಸ್ತಕದಲ್ಲಿ ಅವನು ಲಂಗರಿನ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಪತ್ರಿಕೆಯವರು ಹಡಗು ಲಂಗರನ್ನು ಎಸೆಯಿತು ಎಂದು ಬರೆಯುವುದು ಅವನಿಗೆ ಸಹಿಸಲಾಗದ ಸಂಗತಿ. ಲಂಗರನ್ನು ಯಾರೂ ಎಸೆಯುವುದಿಲ್ಲ. ಬಂದರು ಹತ್ತಿರವಾದಾಗ ಅದನ್ನು ಮೊದಲೇ ಹಡಗಿನ ಮುಂತುದಿಯಲ್ಲಿ ಸಜ್ಜುಮಾಡಿ ತೂಗುಬಿಟ್ಟಿರುತ್ತಾರೆ, ಕಪ್ತಾನ ಆಜ್ಞೆ ಕೊಟ್ಟಾಗ ಹಿಡಿತ ಸಡಿಲಿಸುತ್ತಾರೆ, ಅದು ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಎಸೆಯುವುದು, ಬಿಡುವುದು ಎಂಬ ಎರಡು ಕ್ರಿಯಾಪದಗಳ ನಡುವೆ ಒಬ್ಬ ನಾವಿಕನ ಇಡೀ ಮುಂಜಾನೆಯ ಸಿದ್ಧತೆ ಅಡಗಿದೆ. ಹಾಯಿಹಡಗಿನ ಭಾಗಗಳನ್ನು ಹೆಸರಿಸಿದ ಒಂದು ಚಿತ್ರವನ್ನು ಪುಸ್ತಕದೊಳಗೆ ಮಡಚಿ ಇಟ್ಟುಕೊಳ್ಳಿರಿ. ‘ಯೂತ್’ ಮುಗಿಯುವ ಹೊತ್ತಿಗೆ ಮುಂದಿನ ಹಾಯಿ ಯಾವುದು, ಅದರ ನಡುಭಾಗ ಎಲ್ಲಿ ಎಂಬುದನ್ನು ಚಿತ್ರ ನೋಡದೆಯೇ ಹೇಳಬಲ್ಲಿರಿ.